ವಂಶವೃಕ್ಷದಲ್ಲಿ ಮಗಳೆಲ್ಲಿ?

ಕರ್ನಾಟಕದಲ್ಲಿ ಜಮೀನುಳ್ಳ ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ವಂಶವೃಕ್ಷ ಸಲ್ಲಿಕೆಯಾಗುತ್ತದೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ. ಕೇಳಿದರೆ, ‘ಮದುವೆಯ ಖರ್ಚಿನಲ್ಲೇ ಪಾಲು ಮುಗಿಯಿತು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇದಕ್ಕೆ ಸಂಪ್ರದಾಯದ ಹೆಸರಿಟ್ಟರೂ ಇದು ಅಪಹರಣವೇ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ನೀಡಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಶಾಸ್ತ್ರವೂ ಮೌನವಾಗಿಲ್ಲ. ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಪತ್ರ ಬರೆಯುವುದನ್ನು, ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಬಸದಿಯ ಜೀರ್ಣೋದ್ಧಾರಕ್ಕೆ ದಾನ ಬರೆಸುವ ಕೈಯೇ ತಂಗಿಯ ಹೆಸರನ್ನು ಮರೆಮಾಚಿದರೆ ಆ ದಾನಕ್ಕೆ ಪುಣ್ಯವೆಲ್ಲಿಯದು?

ಊರು ದೂರವೆಂಬ ನೆಪವೂ ಇಂದು ಉಳಿದಿಲ್ಲ. ‘ಭೂಮಿ’ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ನಮೂದಿಸಿದರೆ ಪಹಣಿ ಯಾರಿಗಾದರೂ ಕಾಣುತ್ತದೆ. ಋಣಭಾರ ಪ್ರಮಾಣಪತ್ರಕ್ಕೆ ‘ಕಾವೇರಿ’ ಜಾಲತಾಣವಿದೆ. ಖಾತೆ ಬದಲಾವಣೆಗೆ ಆಕ್ಷೇಪವಿದ್ದರೆ ತಾಲ್ಲೂಕು ಕಚೇರಿಗೆ ಲಿಖಿತ ತಕರಾರು ಸಲ್ಲಿಸಬಹುದು. ಪಹಣಿಯಲ್ಲಿ ಹೆಸರು ಬಿಟ್ಟಮಾತ್ರಕ್ಕೆ ಹಕ್ಕು ಅಳಿಯದು. ಆದರೆ ಜಮೀನು ಪರರ ಪಾಲಾದ ಮೇಲೆ ಎಚ್ಚೆತ್ತವಳು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಆದುದರಿಂದ ಹೆಣ್ಣುಮಕ್ಕಳು ತವರಿನ ದಾಖಲೆಗಳನ್ನು ಇಂದೇ ನೋಡಿಕೊಳ್ಳುವುದು ಸೂಕ್ತ. ಅದು ಜಗಳವೂ ಅಲ್ಲ, ದುರಾಸೆಯೂ ಅಲ್ಲ.

ದಶಲಕ್ಷಣ ಪರ್ವದ ಕೊನೆಗೆ ಕೈಮುಗಿದು ಕ್ಷಮೆ ಕೇಳುವ ಸೋದರರು ಮೊದಲು ವಂಶವೃಕ್ಷವನ್ನು ತಿದ್ದಿಸಲಿ; ಕ್ಷಮೆಯ ಮಾತು ಆಮೇಲೆ.