ಹದಿನೆಂಟಾದ ಮೇಲೆ ಫೀ ಯಾರು ಕಟ್ಟಬೇಕು?

ಫೋನ್ ಎತ್ತದ ಅಪ್ಪನನ್ನು ಮಾತಾಡಿಸೋ ಕಾಯ್ದೆ ಇಲ್ಲ. ಖರ್ಚು ಕೊಡಿಸೋದು ಇದೆ. ಅಪ್ಪ ಗೋವಾದಾಗಿರಲಿ, ಪುಣೆದಾಗಿರಲಿ, ಅವ್ವ ನವಲಗುಂದದಲ್ಲಿದ್ದರೆ ಜೀವನಾಂಶದ ಅರ್ಜಿ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು. ಹಳೇ 125ನೇ ಕಲಮು 2024ರ ಜುಲೈನಿಂದ ಬಿಎನ್‌ಎಸ್‌ಎಸ್ 144 ಆಗಿದೆ, ಅಷ್ಟೇ. ಹೆಂಗಸರಿಗೆ, ಮಕ್ಕಳಿಗೆ ಆದಾಯ ನೋಡದೆ ಪುಕ್ಕಟೆ ವಕೀಲರು ಸಿಗ್ತಾರೆ. 15100ಕ್ಕೆ ಫೋನ್ ಮಾಡಿ. ಆದೇಶವಾದ ಮೇಲೂ ದುಡ್ಡು ಬರದಿದ್ದರೆ ವರ್ಷದೊಳಗೆ ವಸೂಲಿಗೆ ಅರ್ಜಿ ಹಾಕಬೇಕು. ಸುಮ್ನೆ ಕೂತ್ರೆ ಆ ಬಾಕಿ ಹೋದಂಗೇ.

ನಮ್ಮ ತಕರಾರು ಬೇರೆ. ಅಂಗವೈಕಲ್ಯವೇನೂ ಇಲ್ಲದ ಮಕ್ಕಳಿಗೆ ಈ ಕಲಮು 18ಕ್ಕೆ ಮುಗೀತದೆ. ಇಂಜಿನಿಯರಿಂಗ್ ಫೀ ಶುರುವಾಗೋದೇ ಆವಾಗ! ಗಳಿಕೆಯಿಲ್ಲದ, ಮದುವೆಯಾಗದ ಹಿಂದೂ ಮಗಳು 1956ರ ಕಾಯ್ದೆಯಡಿ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಮಗನಿಗೆ ಆ ದಾರಿಯೂ ಇಲ್ಲ. ಮೊದಲ ಡಿಗ್ರಿ ಮುಗಿಯೋವರೆಗಾದರೂ ಇಬ್ಬರಿಗೂ, ಯಾವ ಧರ್ಮದವರಾದರೂ, ಕೊಡಿಸಬೇಕು ಅನ್ನೋದು ನಮ್ಮ ವಾದ.