ಸಿದ್ಧ ಬಣ್ಣವೂ ಬಣ್ಣದ ವೇಷವೂ

ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತೆಂಕುತಿಟ್ಟಿನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುವುದು ಹಳೆಯ ರೂಢಿ. ಹೊರಗೆ ಮಳೆ, ಒಳಗೆ ಚೆಂಡೆ. ಕಳೆದ ವರ್ಷ ಅಂಥದೊಂದು ಆಟವನ್ನು ನಮ್ಮ ಬಳಗದ ಮೂವರು ಚೌಕಿಯಿಂದ ಮಂಗಳದವರೆಗೆ ಕ್ಯಾಮೆರಾದಲ್ಲಿ ಹಿಡಿದರು. ವಾರ್ಷಿಕ ಸಂಚಿಕೆಯಲ್ಲಿ ಹದಿನಾರು ಪುಟಗಳ ಚಿತ್ರಸಂಪುಟವೊಂದನ್ನು ಸೇರಿಸಬೇಕೆಂಬುದು ನಮ್ಮ ಆಸೆಯಾಗಿತ್ತು. ಒಟ್ಟಾದ ಚಿತ್ರಗಳು ಸುಮಾರು 1100. ನಮ್ಮಲ್ಲಿ ಎಲ್ಲರಿಗಿಂತ ಕಿರಿಯನಾದ ಗೆಳೆಯನೊಬ್ಬ, ಈ ವಿದ್ಯೆಯಲ್ಲಿ ನಮ್ಮೆಲ್ಲರಿಗಿಂತ ಬಲ್ಲವನು, ದುಡ್ಡು ಕೊಟ್ಟು ಕೊಂಡಿದ್ದ ಪ್ರಿಸೆಟ್ ಒಂದನ್ನು ಅಷ್ಟಕ್ಕೂ ಹಚ್ಚಿ ಒಂದು ಸಂಜೆಯಲ್ಲಿ ಕೆಲಸ ಮುಗಿಸಿದ. ನೋಡಿದವರೆಲ್ಲ ಮೆಚ್ಚಿದೆವು. ಚಲನಚಿತ್ರದ ದೃಶ್ಯಗಳಂತೆ ಇವೆಯೆಂದು ಹೊಗಳಿದೆವು.

ಅಚ್ಚಿಗೆ ಕಳುಹಿಸುವ ಮೊದಲು ಬಣ್ಣದ ವೇಷ ಮಾಡಿದ್ದ ಹಿರಿಯ ಕಲಾವಿದರಿಗೆ ನಾಲ್ಕು ಚಿತ್ರಗಳನ್ನು ಕಳುಹಿಸಿದೆವು. ಎರಡು ದಿನಗಳ ಮೇಲೆ ಅವರ ಧ್ವನಿಸಂದೇಶ ಬಂತು: 'ಚಿತ್ರ ಚಂದ ಉಂಟು ಮಾರಾಯ್ರೆ. ಆದ್ರೆ ಅದು ನಾನು ಬರೆದ ಬಣ್ಣ ಅಲ್ಲ.'

ಈ ಒಂದು ಮಾತು ನಮ್ಮ ಬಳಗದಲ್ಲಿ ಮೂರು ವಾರಗಳ ಚರ್ಚೆಗೆ ಕಾರಣವಾಯಿತು. ಪ್ರಿಸೆಟ್ ಉಪಯುಕ್ತವೇ, ಅಲ್ಲವೇ? ಕೇಳುವುದಕ್ಕೆ ಇದು ಯಂತ್ರದ ಪ್ರಶ್ನೆ. ಚರ್ಚೆ ಮುಗಿಯುವ ಹೊತ್ತಿಗೆ ಇದು ಯಾರಿಗೆ ಯಾರು ಉತ್ತರ ಹೇಳಬೇಕೆಂಬ ಪ್ರಶ್ನೆಯಾಗಿತ್ತು. ನಾವು ತಲುಪಿದ ಅಭಿಪ್ರಾಯವನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲಿಗೆ, ಆ ನಾಲ್ಕು ಚಿತ್ರಗಳಿಗೆ ಆದುದೇನು? ಬಣ್ಣದ ವೇಷದ ಮುಖವರ್ಣಿಕೆಯ ಜೀವ ಇರುವುದು ಕಪ್ಪು, ಕೆಂಪು, ಬಿಳಿಗಳ ಮುಖಾಮುಖಿಯಲ್ಲಿ. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ, ಗಂಟೆಗಟ್ಟಲೆ ಕುಳಿತು, ಒಂದೊಂದಾಗಿ ಇಟ್ಟ ಚಿಟ್ಟಿಯ ಸಾಲು ಕಪ್ಪಿನ ಮೇಲೆ ಮುಳ್ಳಿನಂತೆ ಎದ್ದು ನಿಲ್ಲಬೇಕು. ನಾವು ಹಚ್ಚಿದ ಪ್ರಿಸೆಟ್ಟಿಗೆ ಕಪ್ಪು ಕಪ್ಪಾಗಿರುವುದು ಒಪ್ಪಿಗೆಯಿಲ್ಲ. ಅದು ನೆರಳುಗಳನ್ನೆತ್ತಿ ಹೊಗೆಬಣ್ಣ ಮಾಡುತ್ತದೆ. ಕೆಂಪನ್ನು ಕಿತ್ತಳೆಯ ಕಡೆಗೂ ಹಸುರನ್ನು ನೀಲಿಯ ಕಡೆಗೂ ತಳ್ಳುತ್ತದೆ. ಬಿಳಿಗೆ ಕೆನೆಯ ಲೇಪ ಕೊಡುತ್ತದೆ. ಹೀಗೆ ರಕ್ಕಸನ ಮುಖದ ಕೆಂಪು ಇಟ್ಟಿಗೆಯಾಯಿತು, ಕಾಡಿಗೆ ಬೂದಿಯಾಯಿತು, ಚಿಟ್ಟಿ ಹಳೆಯ ಕಾಗದದಂತಾಯಿತು. ಚಿತ್ರವಾಗಿ ಅದು ಸುಂದರವೇ. ಆದರೆ ಯಕ್ಷಗಾನದಲ್ಲಿ ಬಣ್ಣವೆಂದರೆ ಅಲಂಕಾರವಲ್ಲ, ಅದೊಂದು ವ್ಯಾಕರಣ. ಪಾತ್ರ ಮಾತಾಡುವ ಮೊದಲೇ ಅದರ ಸ್ವಭಾವವನ್ನು ಸಭೆಗೆ ತಿಳಿಸುವುದು ಮುಖದ ಬಣ್ಣ. ವಿಭಕ್ತಿ ಪ್ರತ್ಯಯಗಳನ್ನು ಅದಲುಬದಲು ಮಾಡಿ ವಾಕ್ಯ ಇಂಪಾಗಿದೆಯೆಂದರೆ ಹೇಗೆ?

ಪ್ರಿಸೆಟ್ ಎಂಬುದು ಮಂತ್ರವೇನೂ ಅಲ್ಲ. ಬೆಳಕು, ವೈದೃಶ್ಯ, ವರ್ಣಗಳ ಗಾಢತೆ, ತೀಕ್ಷ್ಣತೆ ಮುಂತಾದವನ್ನು ಎಷ್ಟೆಷ್ಟು ಏರಿಳಿಸಬೇಕೆಂದು ಬರೆದಿಟ್ಟ ಸಂಖ್ಯೆಗಳ ಪಟ್ಟಿ ಅದು. 2007ರಲ್ಲಿ ಅಡೋಬಿ ಸಂಸ್ಥೆಯ ಲೈಟ್‌ರೂಮ್ ಹೊರಬಂದ ಮೇಲೆ ಇಂಥ ಪಟ್ಟಿಗಳನ್ನು ಉಳಿಸಿಟ್ಟುಕೊಳ್ಳುವುದೂ ಹಂಚಿಕೊಳ್ಳುವುದೂ ಛಾಯಾಗ್ರಾಹಕರ ನಿತ್ಯದ ಕೆಲಸವಾಯಿತು. 2010ರಲ್ಲಿ ಬಂದ ಇನ್‌ಸ್ಟಾಗ್ರಾಮ್ ತನ್ನ ಫಿಲ್ಟರುಗಳ ಮೂಲಕ ಅದನ್ನು ಪ್ರತಿಯೊಬ್ಬರ ಹೆಬ್ಬೆರಳಿಗೆ ತಂದಿತು. ಪಟ್ಟಿಗೆ ಚಿತ್ರದ ಪರಿಚಯವಿಲ್ಲ. ಅದಕ್ಕೆ ಎದುರಿಗಿರುವುದು ಮದುವೆಯೋ ಮಸಣವೋ ತಿಳಿಯದು. ಮುಖವನ್ನೂ ಆಕಾಶವನ್ನೂ ಗುರುತಿಸಿ ಬೇರೆಬೇರೆಯಾಗಿ ತಿದ್ದುವ ಪ್ರಿಸೆಟ್ಟುಗಳು ಇತ್ತೀಚೆಗೆ ಬಂದಿವೆ, ನಿಜ. ಆದರೆ ಅವು ಮುಖವೆಂದು ಗುರುತಿಸುತ್ತವೆಯೇ ಹೊರತು ಯಾರ ಮುಖವೆಂದು ಅಲ್ಲ.

ಪ್ರಿಸೆಟ್ಟಿನ ಪರವಾಗಿ ನಮ್ಮ ಕಿರಿಯ ಗೆಳೆಯ ಮಂಡಿಸಿದ ವಾದಗಳು ಬಲವಾದವು, ಅವನ್ನು ಮರೆಮಾಚುವುದು ಅನ್ಯಾಯ. ಮೊದಲನೆಯದು ಹೊತ್ತಿನದು. ಒಂದು ಚಿತ್ರಕ್ಕೆ ಎರಡೇ ನಿಮಿಷವೆಂದರೂ 1100 ಚಿತ್ರಗಳಿಗೆ ಮೂವತ್ತಾರು ಗಂಟೆ ಮೀರುತ್ತದೆ. ಡೊಂಬಿವಲಿಯಿಂದ ದಿನವೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿಬರುವವನಿಗೆ ಅಷ್ಟು ಬಿಡುವು ಎಲ್ಲಿಂದ ಬರಬೇಕು? ಎರಡನೆಯದು ಒಂದೇ ಹದದ ಪ್ರಶ್ನೆ. ಮೂವರು ಮೂರು ಕ್ಯಾಮೆರಾಗಳಲ್ಲಿ ತೆಗೆದ ಚಿತ್ರಗಳು ಒಂದೇ ಸಂಪುಟದಲ್ಲಿ ಕುಳಿತಾಗ ಒಂದು ಮನೆಯವರಂತೆ ಕಾಣಬೇಕಾಗುತ್ತದೆ.

ಮೂರನೆಯ ವಾದ ನಮ್ಮನ್ನು ನಿಜವಾಗಿ ಕಟ್ಟಿಹಾಕಿತು. ಸಂಸ್ಕರಿಸದ ಚಿತ್ರವೆಂಬುದೇ ಇಲ್ಲವೆಂದು ಅವನು ಹೇಳಿದ. ಕ್ಯಾಮೆರಾ ಕೊಡುವ ಜೆಪೆಗ್ ಕಡತದೊಳಗೆ ಕ್ಯಾಮೆರಾ ತಯಾರಿಸಿದವರ ಪ್ರಿಸೆಟ್ ಆಗಲೇ ಕುಳಿತಿರುತ್ತದೆ. ಫಿಲ್ಮಿನ ಕಾಲದಲ್ಲೂ ಅಷ್ಟೇ. 1935ರಿಂದ 2009ರವರೆಗೆ ಮಾರುಕಟ್ಟೆಯಲ್ಲಿದ್ದ ಕೊಡಾಕ್ರೋಮ್ ಫಿಲ್ಮಿಗೆ ಅದರದೇ ಕೆಂಪಿತ್ತು, 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾಗೆ ಅದರದೇ ಹಸುರು. ಮೈಸೂರಿನ ಟಿ. ಎಸ್. ಸತ್ಯನ್ ಅವರ ಪ್ರಸಿದ್ಧ ಚಿತ್ರಗಳು ಕಪ್ಪು ಬಿಳುಪಿನವು. ಲೋಕವೇನು ಕಪ್ಪು ಬಿಳುಪಾಗಿತ್ತೇ? ನಮ್ಮ ಅಜ್ಜಿಯಂದಿರ ಕಾಲದ ಸ್ಟುಡಿಯೋಗಳಲ್ಲಿ ಕುಂಚ ಹಿಡಿದು ಫೋಟೋದ ಸೀರೆಗೆ ಜರಿಯನ್ನೂ ಕೆನ್ನೆಗೆ ಕೆಂಪನ್ನೂ ಬಳಿಯುತ್ತಿರಲಿಲ್ಲವೇ?

ಈ ಮಾತುಗಳನ್ನು ನಾವು ಒಪ್ಪುತ್ತೇವೆ. ನಿರ್ಲಿಪ್ತ ಚಿತ್ರವೆಂಬುದು ಇಲ್ಲ. ಆದರೆ ಅದರಿಂದ ಹೊರಡುವ ತೀರ್ಮಾನ ಅವನು ಎಣಿಸಿದ್ದಲ್ಲ. ಪ್ರತಿಯೊಂದು ಚಿತ್ರವೂ ಯಾರೋ ಮಾಡಿದ ಆಯ್ಕೆಯೆಂದಾದರೆ, ಆ ಆಯ್ಕೆಯನ್ನು ಯಾರು ಮಾಡಿದರು, ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದರು ಎಂದು ಕೇಳುವ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಫಿಲ್ಮಿನ ಚರಿತ್ರೆಯೇ ಇದಕ್ಕೆ ಸಾಕ್ಷಿ. ಬಣ್ಣದ ಮುದ್ರಣವನ್ನು ಸರಿಹೊಂದಿಸಲು ಪ್ರಯೋಗಾಲಯಗಳು ದಶಕಗಳ ಕಾಲ ಬಳಸಿದ್ದು ಕೊಡಾಕ್ ಸಂಸ್ಥೆಯ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರವನ್ನು. ಅದರಲ್ಲಿದ್ದದ್ದು ಬಿಳಿಯ ಹೆಂಗಸಿನ ಮುಖ. ಅವಳ ಚರ್ಮ ಸರಿಯಾಗಿ ಕಂಡರೆ ಎಲ್ಲವೂ ಸರಿ ಎಂಬುದು ಲೆಕ್ಕ. ಆ ಲೆಕ್ಕದಲ್ಲಿ ಕಪ್ಪು ಚರ್ಮದ ಸೂಕ್ಷ್ಮ ಛಾಯೆಗಳು ಕತ್ತಲಲ್ಲಿ ಕರಗಿಹೋದವು. ಯಾರೂ ದ್ವೇಷದಿಂದ ಮಾಡಿದ ಕೆಲಸ ಅದಾಗಿರಬೇಕಿಲ್ಲ. ಮಾದರಿಯಾಗಿ ಕುಳಿತವರು ಒಂದೇ ಬಣ್ಣದವರಾಗಿದ್ದರು, ಅಷ್ಟೇ.

ಇಂದು ಮಾರಾಟಕ್ಕಿರುವ ಎಷ್ಟೋ ಪ್ರಿಸೆಟ್ಟುಗಳಲ್ಲಿ ಇದೇ ಕಥೆ ಮುಂದುವರಿದಿದೆ. ಬಣ್ಣಗಳನ್ನು ತಿದ್ದುವ ಪಟ್ಟಿಯಲ್ಲಿ ಮನುಷ್ಯರ ಚರ್ಮ ಬಹುಪಾಲು ಕಿತ್ತಳೆಯ ವಿಭಾಗಕ್ಕೆ ಸೇರುತ್ತದೆ. ಚರ್ಮ 'ಹೊಳೆಯಲಿ' ಎಂದು ಕಿತ್ತಳೆಯ ಉಜ್ವಲತೆಯನ್ನು ಏರಿಸಿ, ಗಾಢತೆಯನ್ನು ಇಳಿಸುವುದು ಅಲ್ಲಿ ಸಾಮಾನ್ಯ ಉಪಾಯ. ತಿಳಿಬಣ್ಣದ ಮುಖ ಇದರಿಂದ ಬೆಳಗೀತು. ಕಪ್ಪು ಮುಖ ಬೂದಿ ಬಳಿದಂತಾಗುತ್ತದೆ. ಜೊತೆಗೆ ಮಣ್ಣು, ಹೆಂಚು, ಮರದ ಕಂಬ ಎಲ್ಲವೂ ಬಿಳಿಚಿಕೊಳ್ಳುತ್ತವೆ. ನಮ್ಮ ಸಂಗ್ರಹದಲ್ಲೇ ಸಭಿಕರ ಒಂದು ಚಿತ್ರವಿತ್ತು. ಮುಂದಿನ ಸಾಲಿನಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು. ಮೂವರದು ಮೂರು ಬಣ್ಣ. ಪ್ರಿಸೆಟ್ ಹಚ್ಚಿದ ಮೇಲೆ ಮೂವರೂ ಒಂದೇ ಗೋಧಿಬಣ್ಣಕ್ಕೆ ಬಂದಿದ್ದರು. ನಾವು ಅದನ್ನು ಗಮನಿಸಿಯೇ ಇರಲಿಲ್ಲ ಎಂಬುದು ನಾಚಿಕೆಯ ಸಂಗತಿ. ವಧುವಿನ ಜಾಹೀರಾತುಗಳಲ್ಲಿ ಬಿಳುಪನ್ನು ಕೇಳುವವರನ್ನು ಇದೇ ಅಂಕಣಗಳಲ್ಲಿ ಟೀಕಿಸಿದ ನಾವೇ, ಒಂದು ಗುಂಡಿಯೊತ್ತಿ ಆ ಅಜ್ಜಿಯ ಬಣ್ಣವನ್ನು ತೊಳೆದಿದ್ದೆವು.

ಇನ್ನೊಂದು ತೊಡಕು ಬೆಳಕಿನದು. ಹಗಲಿನ ಬೆಳಕಿನ ವರ್ಣತಾಪ ಸುಮಾರು 5500 ಕೆಲ್ವಿನ್. ಹಳೆಯ ತಂತಿ ಬಲ್ಬಿನದು 3000ಕ್ಕೂ ಕಡಿಮೆ. ಹಗಲಿನ ಚಿತ್ರವೊಂದರ ಮೇಲೆ ತಯಾರಾದ ಪ್ರಿಸೆಟ್ ತನ್ನ ಜೊತೆ ಆ ಸಂಖ್ಯೆಯನ್ನೂ ಹೊತ್ತು ತಂದರೆ, ಬಲ್ಬಿನ ಕೆಳಗೆ ತೆಗೆದ ಚೌಕಿಯ ಚಿತ್ರ ಅರಸಿನದ ನೀರಿನಲ್ಲಿ ಅದ್ದಿ ತೆಗೆದಂತಾಗುತ್ತದೆ. ಮದ್ದಳೆಯವರು ನಿನ್ನೆಯ ಆಟಕ್ಕೆ ಮಾಡಿದ ಶ್ರುತಿ ಇಂದಿಗೂ ಸಾಕೆಂದು ಕೂರುವುದಿಲ್ಲ. ಮಳೆಯ ತೇವಕ್ಕೆ ಚರ್ಮ ಸಡಿಲಾಗುತ್ತದೆಂದು ಅವರಿಗೆ ಗೊತ್ತು, ಪ್ರತಿದಿನ ಬಡಿದು, ಕೇಳಿ, ಬಿಗಿಯುತ್ತಾರೆ. ಪ್ರಿಸೆಟ್ಟಿಗೆ ಕಿವಿಯಿಲ್ಲ. ಕಿವಿಯಾಗಬೇಕಾದವರು ನಾವು.

ಇಲ್ಲಿ ಬಳಗದ ಹಿರಿಯರೊಬ್ಬರು ಎತ್ತಿದ ಆಕ್ಷೇಪ ವಿಚಾರಯೋಗ್ಯ. ಬಣ್ಣದ ವೇಷ ಹುಟ್ಟಿದ್ದು ದೊಂದಿಯ ಬೆಳಕಿಗಾಗಿ; ಎಲ್‌ಇಡಿ ದೀಪದ ಕೆಳಗೆ ಕಾಣುವ ಕೆಂಪೇ ನಿಜವಾದ ಕೆಂಪೆಂದು ಯಾರು ಹೇಳಬೇಕು, ಬೆಚ್ಚನೆಯ ಪ್ರಿಸೆಟ್ಟೇ ಹಳೆಯ ಅನುಭವಕ್ಕೆ ಹತ್ತಿರವಾಗಬಾರದೇಕೆ ಎಂದು ಅವರು ಕೇಳಿದರು. ಆಗಬಹುದು. ದೊಂದಿಯನ್ನು ನೆನೆದು, ಕಲಾವಿದರನ್ನು ಕೇಳಿ, ಚಿತ್ರವನ್ನು ಬೆಚ್ಚಗೆ ಮಾಡಿದರೆ ಅದು ವ್ಯಾಖ್ಯಾನ. ಯಾವುದೋ ದೇಶದ ಕಾಫಿ ಅಂಗಡಿಯ ಮೇಜನ್ನು ನೆನೆದು ಮಾಡಿದ ಬಿಸುಪು ಅಕಸ್ಮಾತ್ತಾಗಿ ನಮ್ಮ ರಕ್ಕಸನ ಮೇಲೆ ಬಿದ್ದರೆ ಅದು ವ್ಯಾಖ್ಯಾನವಲ್ಲ, ಅಪಘಾತ.

ಹಾಗಾದರೆ ಪ್ರಿಸೆಟ್ಟುಗಳನ್ನು ಬಿಟ್ಟುಬಿಡಬೇಕೇ? ಬೇಡ. ನಾವು ಕೊನೆಗೆ ಮಾಡಿದ್ದನ್ನು ಹೇಳುತ್ತೇವೆ. ಮೊದಲು ಆಯ್ದೆವು. 1100 ಚಿತ್ರಗಳಲ್ಲಿ ನಿಜಕ್ಕೂ ಉಳಿಯಬೇಕಾದವು 140. ಪ್ರಿಸೆಟ್ ಇಲ್ಲದೆ ಆಗದೆಂಬ ಭಾರ ಬಹುಪಾಲು ಆಯದೆ ಇದ್ದುದರ ಭಾರವಾಗಿತ್ತೆಂದು ಆಗ ತಿಳಿಯಿತು. ಒಂದಕ್ಕೆ ಮೂರು ನಿಮಿಷ ಕೊಟ್ಟರೂ ಏಳು ಗಂಟೆಯ ಕೆಲಸ, ಮೂವರು ಹಂಚಿಕೊಂಡರೆ ಒಂದು ಭಾನುವಾರದ ಮಧ್ಯಾಹ್ನ. ಆಮೇಲೆ ನಮ್ಮದೇ ಮೂರು ಪ್ರಿಸೆಟ್ಟುಗಳನ್ನು ಕಟ್ಟಿದೆವು: ಚೌಕಿಗೊಂದು, ರಂಗಸ್ಥಳಕ್ಕೊಂದು, ಸಭೆಗೊಂದು. ಅವುಗಳಲ್ಲಿ ಇಟ್ಟದ್ದು ಮಸೂರದ ಬಾಗು ತಿದ್ದುವುದು, ಮಂದ ಬೆಳಕಿನಲ್ಲಿ ಮೂಡುವ ಕಾಳುಕಾಳನ್ನು ತಗ್ಗಿಸುವುದು, ಮೂರು ಕ್ಯಾಮೆರಾಗಳ ವರ್ಣಭೇದವನ್ನು ಸಮ ಮಾಡುವುದು ಮುಂತಾದ ಮನೆಗೆಲಸಗಳನ್ನು ಮಾತ್ರ. ಬೆಳಕಿನ ಪ್ರಮಾಣ, ಬಿಳಿಯ ಸಮತೋಲ, ಚರ್ಮದ ಬಣ್ಣ, ಈ ಮೂರನ್ನು ಬೇಕೆಂದೇ ಹೊರಗಿಟ್ಟು ಪ್ರತಿ ಚಿತ್ರದಲ್ಲೂ ಕಣ್ಣಿಟ್ಟು ತಿದ್ದಿದೆವು. ಕ್ಯಾಮೆರಾದ ಮೂಲ ಕಡತಗಳನ್ನು, ಅಂದರೆ ರಾ ಕಡತಗಳನ್ನು ಉಳಿಸಿಕೊಂಡಿದ್ದರಿಂದ ಇದು ಸಾಧ್ಯವಾಯಿತು. ಜೆಪೆಗ್ ಪ್ರತಿ ವರ್ಣಕ್ಕೆ 256 ಹಂತಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. 14 ಬಿಟ್ಟಿನ ಮೂಲ ಕಡತದಲ್ಲಿ 16384 ಹಂತಗಳಿರುತ್ತವೆ. ತಪ್ಪಿ ನಡೆದರೂ ಹಿಂದಿರುಗಲು ದಾರಿ ಉಳಿದಿರುತ್ತದೆ.

ಊರಿನಿಂದ ಬರುವಾಗ ಸಾರಿನ ಪುಡಿ ಕಟ್ಟಿಕೊಂಡು ಬರುವ ನಮಗೆ ಇದು ಹೊಸ ನೀತಿಯೇನಲ್ಲ. ಪುಡಿ ಅಮ್ಮ ಹುರಿದು ಕುಟ್ಟಿದ್ದು, ಅದರ ಹದ ನಮಗೆ ಗೊತ್ತು. ಆದರೂ ಉಪ್ಪು ಹುಳಿಯನ್ನು ಅಂದಂದಿನ ಬೇಳೆ ನೋಡಿಯೇ ಹಾಕುತ್ತೇವೆ.

ಎಲ್ಲ ಚಿತ್ರಗಳಿಗೂ ಇಷ್ಟು ಬಿಗಿ ಬೇಕೆಂದು ನಾವು ಹೇಳುವುದಿಲ್ಲ. ಮರೀನ್ ಡ್ರೈವಿನ ಸಂಜೆಗೆ ಯಾವ ಬಣ್ಣ ಬಳಿದರೂ ಕಡಲು ದೂರು ಕೊಡುವುದಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಹಳೆಯ ಫಿಲ್ಮಿನ ಸೊಗಸು ಬೇಕೆನಿಸಿದರೆ ಧಾರಾಳವಾಗಿ ಹಚ್ಚಬಹುದು. ಆದರೆ ಇನ್ನೊಬ್ಬರ ಮುಖ, ಇನ್ನೊಬ್ಬರ ಕಲೆ, ಇನ್ನೊಬ್ಬರ ನೆನಪು ಚಿತ್ರದೊಳಗಿದ್ದಾಗ ಆಯ್ಕೆ ನಮ್ಮೊಬ್ಬರದಲ್ಲ. ಹೊರನಾಡಿನ ನಮಗಂತೂ ಇದು ಇನ್ನಷ್ಟು ನಿಜ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬೆಳೆಯುವ ಕನ್ನಡದ ಮಗು ಬಯಲಾಟವನ್ನು ಬಯಲಲ್ಲಿ ಕಾಣದೆಯೇ ದೊಡ್ಡದಾಗಬಹುದು. ಮುಂದೊಂದು ದಿನ ಅದಕ್ಕೆ ವೇಷ ಹಾಕುವ ಮನಸ್ಸಾಗಿ, ನಮ್ಮ ಸಂಚಿಕೆಯನ್ನು ಕನ್ನಡಿಯ ಪಕ್ಕದಲ್ಲಿಟ್ಟುಕೊಂಡು ಬಣ್ಣ ಕಲಸಿದರೆ? ನಾವು ಇಟ್ಟಿಗೆಬಣ್ಣ ತೋರಿಸಿದರೆ ಅದು ಇಟ್ಟಿಗೆಬಣ್ಣವನ್ನೇ ಬಳಿದುಕೊಳ್ಳುತ್ತದೆ. ಊರಿನಲ್ಲಿ ತಪ್ಪನ್ನು ತಿದ್ದಲು ಹತ್ತು ಜನರಿದ್ದಾರೆ. ಇಲ್ಲಿ ಚಿತ್ರವೇ ಗುರುವಾಗಿಬಿಡುವ ಅಪಾಯವಿದೆ.

ತಿದ್ದಿದ ಚಿತ್ರಗಳನ್ನು ಆ ಹಿರಿಯರಿಗೆ ಮತ್ತೆ ಕಳುಹಿಸಿದೆವು. ಈ ಸಲ ಉತ್ತರ ಅದೇ ರಾತ್ರಿ ಬಂತು: 'ಈಗ ಸರಿ. ಎಡ ಹುಬ್ಬಿನ ಹತ್ರ ಒಂದು ಚಿಟ್ಟಿ ಬಿದ್ದು ಹೋಗಿದೆ ನೋಡಿ. ಅದು ನನ್ನ ತಪ್ಪು.' ಮೊದಲಿನ ಚಿತ್ರದಲ್ಲಿ ಆ ಖಾಲಿ ಜಾಗ ಕೆನೆಬಣ್ಣದಲ್ಲಿ ಮುಚ್ಚಿಹೋಗಿತ್ತು. ಅದನ್ನು ತುಂಬಿಸಿಕೊಡೋಣವೇ ಎಂದು ಕೇಳಿದೆವು. ಬೇಡ ಅಂದರು. ಸಂಚಿಕೆಯಲ್ಲಿ ಅದು ಹಾಗೆಯೇ ಅಚ್ಚಾಗಿದೆ.