ಮುಂದಿನವರು ಬ್ರೇಕ್ ಹಾಕಿದ್ದೇಕೆ ಎಂದೂ ಬರೆಸಿ

ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ,

ಮಾನ್ಯರೇ,

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳುಗಳ ಪರವಾಗಿ ವಾದಿಸುವ ವಕೀಲ ನಾನು. ಮುಂದಿನ ಗಾಡಿ ದಿಢೀರನೆ ನಿಂತು ಹಿಂದಿನದು ಹೋಗಿ ಗುದ್ದಿದ ಪ್ರಕರಣಗಳ ಎಫ್‌ಐಆರ್‌ಗಳಲ್ಲಿ ಒಂದೇ ಒಕ್ಕಣೆ ಮತ್ತೆ ಮತ್ತೆ ಕಾಣುತ್ತದೆ: ‘ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಹಿಂದಿನಿಂದ ಡಿಕ್ಕಿ ಪಡಿಸಿ...’. ಮುಂದಿನವರು ನಿಲ್ಲಿಸಿದ್ದೇಕೆ, ಸೂಚನೆ ಕೊಟ್ಟಿದ್ದರೇ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

2017ರ ಜನವರಿಯಲ್ಲಿ ಕೊಯಮತ್ತೂರಿನಲ್ಲಿ ನಡೆದದ್ದನ್ನು ನೋಡಿ. ಗರ್ಭಿಣಿ ಹೆಂಡತಿಗೆ ವಾಂತಿ ಬರುವಂತಾಯಿತೆಂದು ಒಬ್ಬರು ಹೆದ್ದಾರಿಯ ನಡುವೆ ಕಾರಿಗೆ ಬ್ರೇಕ್ ಹಾಕಿದರು. ಹಿಂದೆ ಬೈಕಿನಲ್ಲಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿ ಕಾರಿಗೆ ಗುದ್ದಿ ಬಿದ್ದ. ಅವನ ಎಡಗಾಲಿನ ಮೇಲೆ ಬಸ್ಸು ಹರಿಯಿತು. ಕಾಲು ತೆಗೆಯಬೇಕಾಯಿತು. ನ್ಯಾಯಮಂಡಳಿ ಕಾರಿನವರದು ಏನೂ ತಪ್ಪಿಲ್ಲ ಎಂದಿತು. ಹೈಕೋರ್ಟ್ ಅವರ ಮೇಲೆ ಶೇ 40ರಷ್ಟು ಹೊಣೆ ಹೊರಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸುಧಾಂಶು ಧೂಲಿಯಾ ಮತ್ತು ನಮ್ಮವರೇ ಆದ ಅರವಿಂದ ಕುಮಾರ್ ಅವರ ಪೀಠ ಅದನ್ನು ಶೇ 50ಕ್ಕೆ ಏರಿಸಿತು. ಬಸ್ಸಿನದು 30, ಹುಡುಗನದು 20. ಹೆದ್ದಾರಿಯಲ್ಲಿ ನಿಲ್ಲಿಸುವವರು ಹಿಂದಿನವರಿಗೆ ಮುನ್ಸೂಚನೆ ಕೊಡಲೇಬೇಕು ಎಂಬುದು ತೀರ್ಪಿನ ತಿರುಳು.

ಹಿಂದಿನವರ ಹೊಣೆ ಸಣ್ಣದೆಂದು ನಾನು ಹೇಳುತ್ತಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ದಾಟಿರುತ್ತೇವೆ. ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದಾರಿ ಮುಗಿದಿರುತ್ತದೆ. ಲಾರಿಯ ಹಿಂದೆ 10–15 ಅಡಿ ಅಂತರದಲ್ಲಿ ಹೋಗುತ್ತಿದ್ದ ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಕಾರು ಓಡಿಸಿದವರದೇ ನಿರ್ಲಕ್ಷ್ಯ ಎಂದದ್ದು ಸರಿಯಾಗಿಯೇ ಇದೆ. ಆದರೆ 1989ರ ರಸ್ತೆ ನಿಯಮಗಳಲ್ಲಿ ಅಂತರ ಕಾಯಬೇಕೆಂದ 23ನೇ ನಿಯಮದ ಬೆನ್ನಿಗೇ, ಸುರಕ್ಷತೆಗೆ ಅಗತ್ಯವಿಲ್ಲದೆ ದಿಢೀರ್ ಬ್ರೇಕ್ ಹಾಕಬಾರದೆಂಬ 24ನೆಯದೂ ಇತ್ತು. ತನಿಖೆಯಲ್ಲಿ ಮೊದಲನೆಯದು ಮಾತ್ರ ನೆನಪಾಗುವುದು ಅನ್ಯಾಯ.

ಈ ಅನ್ಯಾಯ ರೂಪಾಯಿಗಳಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಆ ವಿದ್ಯಾರ್ಥಿಗೆ ನಿಗದಿಯಾದ ಪರಿಹಾರ ಸುಮಾರು 1.14 ಕೋಟಿ ರೂಪಾಯಿ. ಅವನ ತಲೆಗೆ ಕಟ್ಟುವ ಒಂದೊಂದು ಪರ್ಸೆಂಟಿಗೂ ಲಕ್ಷಕ್ಕಿಂತ ಹೆಚ್ಚು ಕೈತಪ್ಪುತ್ತದೆ.

ನ್ಯಾಯಾಲಯ ಹೊಣೆ ಹಂಚಬೇಕಾದರೆ ಕಡತದಲ್ಲಿ ಏನಾದರೂ ಇರಬೇಕಲ್ಲ! ಮುಂದಿನ ಗಾಡಿಯ ಬ್ರೇಕ್ ಲೈಟನ್ನೇ ತೆಗೆದುಕೊಳ್ಳಿ. ಗುದ್ದಿದ ರಭಸಕ್ಕೆ ಗಾಜು ಒಡೆದಿದ್ದರೂ ಒಳಗೆ ಬಲ್ಬ್ ಇತ್ತೇ, ಮೊದಲೇ ವೈರ್ ಕಿತ್ತುಹೋಗಿತ್ತೇ ಎಂಬುದು ಗಾಡಿ ಠಾಣೆಯ ಅಂಗಳದಲ್ಲಿರುವಾಗ ಮಾತ್ರ ಗೊತ್ತಾಗುತ್ತದೆ. ಬಿಡುಗಡೆಯಾಗಿ ಗ್ಯಾರೇಜಿಗೆ ಹೋಯಿತೆಂದರೆ ಹೊಸ ದೀಪ, ಹೊಸ ಬಣ್ಣ. ಕಬ್ಬು ಹೇರಿದ ಟ್ರೇಲರ್‌ಗಳಲ್ಲಿ ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ. ಹಾಗಿದ್ದೂ ವಾಹನ ತಪಾಸಣೆಯ ವರದಿಯಲ್ಲಿ ‘ಯಾಂತ್ರಿಕ ದೋಷವಿಲ್ಲ’ ಎಂಬ ಸಾಲು ಬಂದಿರುತ್ತದೆ.

ಠಾಣೆಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಸ್ಥಳ ಮಹಜರಿನಲ್ಲಿ ಎರಡೂ ವಾಹನಗಳ ಟೈರ್ ಗುರುತಿನ ಉದ್ದ, ಮುಂದಿನ ವಾಹನದ ಬ್ರೇಕ್ ಲೈಟ್ ಮತ್ತು ಇಂಡಿಕೇಟರ್ ಸ್ಥಿತಿ, ನಿಲ್ಲಿಸಿದ್ದಕ್ಕೆ ಚಾಲಕರು ಕೊಟ್ಟ ಕಾರಣ ಕಡ್ಡಾಯವಾಗಿ ದಾಖಲಾಗಲಿ. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕ್, ಟೋಲ್‌ಗಳ ಸಿಸಿಟಿವಿ ದೃಶ್ಯಗಳನ್ನು ಅಳಿಸಿಹೋಗುವ ಮೊದಲೇ ವಶಕ್ಕೆ ಪಡೆಯಲಿ.

ಇಂತಿ,
ಒಬ್ಬ ವಕೀಲ